ಬಾವಿಯಿಂದ ಎಂಬತ್ನಾಲ್ಕು ಹೆಜ್ಜೆ

ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಿಟಕಿಯ ಕೆಳಗೆ ನಿಂತು ಆ ಮನುಷ್ಯ ನನ್ನನ್ನು ಮಾತನಾಡಿಸಿದ್ದು ಬುಧವಾರ ಮಧ್ಯಾಹ್ನ, ಎರಡೂವರೆಯ ಸುಮಾರಿಗೆ. ವಾರವನ್ನು ನೆನಪಿನಿಂದ ಬರೆಯುತ್ತಿಲ್ಲ. ಅಂದಿನ ಟಿಕೇಟು ನನ್ನ ಬಳಿ ಇದೆ, ಅದರ ತಾರೀಖನ್ನು ಗೋಡೆಯ ಕ್ಯಾಲೆಂಡರಿಗೆ ಹಚ್ಚಿ ನೋಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತನಾದವನಿಗೆ ಈ ಚಟ ಬಿಡುವಂಥದ್ದಲ್ಲ. ಕಲ್ಲಿನ ಮೇಲಿನ ತಿಥಿಗೂ ವಾರಕ್ಕೂ ತಾಳೆ ಬೀಳದಿದ್ದರೆ ಆ ಕಲ್ಲನ್ನೇ ಸಂಶಯಿಸುವುದು ನನ್ನ ಕೆಲಸವಾಗಿತ್ತು.

ಅಂದು ಅಲ್ಲಿಯ ಕಾಲೇಜೊಂದರಲ್ಲಿ ಉಪನ್ಯಾಸ ಮುಗಿಸಿ, ಬಸವನ ಬಾಗೇವಾಡಿಯ ನಮ್ಮ ಮನೆಗೆ ಮರಳಲು ಬಸ್ಸಿನಲ್ಲಿ ಕುಳಿತಿದ್ದೆ. ಚಾಲಕ ಎಂಜಿನ್ ಚಾಲೂ ಮಾಡಿದ್ದ. ಆಗ ಕಿಟಕಿಯ ಸರಳಿನ ಮೇಲೆ ಒಂದು ಕೈ ಬಂದಿತು. ಐವತ್ತು ದಾಟಿದ ರೈತ. ಬಿಸಿಲಿಗೆ ತಲೆಗೆ ವಸ್ತ್ರ ಸುತ್ತಿಕೊಂಡಿದ್ದ.

"ಸರ್ರ, ಗುರ್ತ ಸಿಕ್ತೇನ್ರಿ?"

ಗುರುತು ಸಿಕ್ಕಿರಲಿಲ್ಲ. ಆದರೆ ನಮ್ಮ ಕಡೆ ಈ ಪ್ರಶ್ನೆಗೆ ಇಲ್ಲವೆನ್ನುವುದು ಎದುರಿನವನ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. "ಸಿಕ್ತು, ಸಿಕ್ತು. ಆರಾಮ?" ಎಂದೆ.

ಅವನ ಮುಖ ಅರಳಿತು. "ನನಗ ಗೊತ್ತಿತ್ರಿ, ನೀವು ಮರಿಯೂ ಮಂದಿ ಅಲ್ಲ. ಪೇಪರಿನ್ಯಾಗ ನಿಮ್ಮ ಹೆಸರ ನೋಡಿ ಕಾಲೇಜಿಗೆ ಹೋಗಿದ್ನಿ, ನಿಮ್ಮ ಭಾಷಣ ಮುಗದ್ ಹೋಗಿತ್ತು. ನೋಡ್ರಿ ಸರ್ರ, ಬಾವಿ ಕಡೀ ಗಡಿಕಲ್ಲ ಐತೆಲ್ಲ, ಅದನ್ನ ನಮ್ಮಪ್ಪ ಸರಿಸ್ಯಾನ ಅಂತ ಬಾಜೂ ಹೊಲದಾವ ಊರ ತುಂಬ ಹೇಳಾಕತ್ತಾನ. ಅಪ್ಪ ಎರಡ ತಿಂಗಳಾತು, ಮನಿ ಹೊರಗ ಕಾಲಿಟ್ಟಿಲ್ಲ. ಬರೋ ಐತವಾರ ಹತ್ತಕ್ಕ ಹಿರ್ಯಾರು ಕೂಡ್ತಾರ. ನೀವು ಆವಾಗ ಹೆಜ್ಜಿ ಎಣಿಸಿ ಬುಕ್ಕಿನಾಗ ಬರಕೊಂಡಿದ್ರೆಲ್ಲ, ಅಷ್ಟ ಬಂದು ಓದಿ ಹೇಳ್ರಿ. ಅಪ್ಪನ ಮಾರಿ ಉಳೀತೈತಿ."

ಬಸ್ಸು ಹಿಂದಕ್ಕೆ ಸರಿಯತೊಡಗಿತ್ತು. ಅವನು ಜೊತೆಗೆ ನಾಲ್ಕು ಹೆಜ್ಜೆ ಓಡಿದ. "ಬರ್ತೀರೆಲ್ರಿ?"

"ಬರ್ತೇನಿ," ಎಂದೆ.

ದೇವರ ಹಿಪ್ಪರಗಿ ಬರುವವರೆಗೂ ನಾನು ಆ ಮುಖಕ್ಕೆ ಊರು ಹುಡುಕುತ್ತಿದ್ದೆ. ಹೆಸರನ್ನು ಅವನು ಹೇಳಲಿಲ್ಲ, ಊರನ್ನೂ ಹೇಳಲಿಲ್ಲ. ಹೇಳುವ ಅಗತ್ಯವನ್ನು ನಾನೇ ಇಲ್ಲವಾಗಿಸಿದ್ದೆ. "ಇಲ್ಲ, ಯಾರು ನೀವು?" ಎಂದು ಕೇಳಿದ್ದರೆ ಒಂದು ಕ್ಷಣ ಅವನ ಮುಖ ಕುಂದುತ್ತಿತ್ತು, ಮರುಕ್ಷಣ ಊರು, ಓಣಿ, ಅಡ್ಡಹೆಸರು ಎಲ್ಲವೂ ಬರುತ್ತಿದ್ದವು. ಆ ಒಂದು ಕ್ಷಣದ ಸಂಕೋಚವನ್ನು ತಪ್ಪಿಸಲು ಹೋಗಿ, ಕಾಣದ ಒಬ್ಬ ಮುದುಕನ ಮಾನವನ್ನು ನಾನು ನಿಲ್ದಾಣದಲ್ಲಿಯೇ ಬಿಟ್ಟು ಬಂದಿದ್ದೆ. ಗಡಿಕಲ್ಲು ಸರಿಸಿದವನೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಮನುಷ್ಯನೊಂದಿಗೆ ತೀರಿಹೋಗುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಅದನ್ನು ಹೊರುತ್ತಾರೆ.

ಅಪರಿಚಿತರೊಡನೆ ಆಡಿದ ಎರಡು ಮಾತನ್ನು ಎರಡು ದಿನ ಮೆಲುಕು ಹಾಕುವುದು ನನಗೆ ಹೊಸತಲ್ಲ. ಅಂಗಡಿಯವನು "ಆತು ಬಿಡ್ರಿ" ಎಂದರೆ ಅದು ಸಮಾಧಾನವೋ ಬೇಸರವೋ ಎಂದು ರಸ್ತೆಯುದ್ದಕ್ಕೂ ತೂಗಿ ನೋಡುತ್ತೇನೆ. ಆದರೆ ಆವರೆಗೆ ಅಂಥ ಯಾವ ಮಾತಿನ ಮೇಲೂ ಯಾರ ಬದುಕೂ ನಿಂತಿರಲಿಲ್ಲ. ಈಗ ಪ್ರತಿ ಶಬ್ದವೂ ಸಾಕ್ಷ್ಯವಾಗಿತ್ತು. "ಬರೋ ಐತವಾರ" ಎಂದನಲ್ಲ, ಅದು ನಾಲ್ಕು ದಿನದ ಆಚೆಯ ಭಾನುವಾರವೋ, ಅದರ ಮುಂದಿನದೋ? "ಆವಾಗ" ಎಂದರೆ ಯಾವಾಗ? ಓಡುವಾಗ ಅವನು ನಕ್ಕಿದ್ದನೋ, ಬಿಸಿಲಿಗೆ ಮುಖ ಹಿಂಡಿದ್ದನೋ? ನನ್ನ "ಸಿಕ್ತು" ಎರಡು ಸಲ ಬಂದದ್ದರಲ್ಲಿಯೇ ಸುಳ್ಳು ಅವನಿಗೆ ತಿಳಿದಿರಬಹುದೇ?

ಮನೆಗೆ ಬಂದವನೇ ಕಾಲೇಜಿಗೆ ಫೋನು ಮಾಡಿದೆ. ಅಲ್ಲಿಯ ಗುಮಾಸ್ತ, "ಒಬ್ಬವ ಬಂದಿದ್ದ್ರಿ, ನಿಮ್ಮನ್ನ ಕೇಳಿದ, ಸ್ಟ್ಯಾಂಡಿಗೆ ಹೋಗ್ಯಾರ ಅಂದ್ವಿ, ಓಡಿದ. ಹೆಸರ ಕೇಳಿಲ್ರಿ," ಎಂದ.

ಹೆಂಡತಿಗೆ ವಿಷಯ ಹೇಳಿದೆ. ಅವಳು ಕುಕ್ಕರಿನ ಸೀಟಿ ಎಣಿಸುತ್ತಲೇ ಕೇಳಿಸಿಕೊಂಡಳು. "ಗುರ್ತ ಸಿಗಲಿಲ್ರೀ ಅಂದಿದ್ರ ನಿಮ್ಮ ಡಾಕ್ಟರೇಟ್ ವಾಪಸ್ ತಗೋತಿದ್ರೇನು?"

"ಬೇಜಾರಾಗ್ತಿತ್ತು ಅವಂಗ."

"ಈಗ ಭಾಳ ಸಂತೋಷ ಆಗೇದ ನೋಡ್ರಿ."

ನನ್ನ ಕ್ಷೇತ್ರಕಾರ್ಯದ ದಿನಚರಿಗಳು ಇಪ್ಪತ್ತಾರು. ಪ್ರತಿ ಕಲ್ಲಿಗೂ ಊರು, ತಾರೀಖು, ವಾರ, ತಿಥಿ. ಅದರ ಕೆಳಗೆ, ಕಲ್ಲು ಮುಂದೆ ಕಳೆದುಹೋದರೂ ಅದರ ಜಾಗ ತಿಳಿಯಲೆಂದು, ಅಲುಗದ ಎರಡು ಗುರುತುಗಳನ್ನು ಇಟ್ಟುಕೊಂಡು ಹೆಜ್ಜೆಯ ಲೆಕ್ಕ. ಗುರುವಾರ ಇಡೀ ದಿನ ನೆಲದ ಮೇಲೆ ಅವನ್ನು ಹರವಿಕೊಂಡು ಕುಳಿತೆ. ಬಾವಿಯಿಂದ ಅಳೆದ, ಹಳೆಯ ಅಕ್ಷರಗಳಿದ್ದ ಗಡಿಕಲ್ಲುಗಳು ನಾಲ್ಕು ಸಿಕ್ಕವು. ಬಾಗೇವಾಡಿಯ ಹತ್ತಿರದ್ದನ್ನು ಅಂದೇ ಸಂಜೆ ನಡೆದು ಹೋಗಿ ನೋಡಿದೆ. ಅದು ಈಗ ಸಾಲೆಯ ಆವರಣದೊಳಗೆ ಸೇರಿತ್ತು, ಪಕ್ಕದಲ್ಲಿ ಯಾರ ಹೊಲವೂ ಇರಲಿಲ್ಲ. ಇಂಡಿ ತಾಲೂಕಿನ ಕಡೆಯದರ ಬಗ್ಗೆ ಅಲ್ಲಿಯ ಪರಿಚಿತ ನಿವೃತ್ತ ಶಿಕ್ಷಕರನ್ನು ಫೋನಿನಲ್ಲಿ ಕೇಳಿದೆ. "ಬಾವೀನ ಇಲ್ರಿ ಈಗ, ಮುಚ್ಚಿ ನಿಂಬಿ ಹಚ್ಯಾರ. ಕಲ್ಲ ಯಾರ ಕೇಳ್ತಾರ!" ಎಂದರು. ಉಳಿದವು ಎರಡು: ಒಂದು ಮೋರಟಗಿಯ ಸಮೀಪದ್ದು, ಇನ್ನೊಂದರ ತಲೆಬರಹವನ್ನು ಎರಡು ಸಲ ಓದಿದೆ. "ತಂಗಡಗಿ ಸುತ್ತ, ಎರಡನೆಯ ದಿನ" ಎಂದಷ್ಟೇ ಇತ್ತು. ವಾರ ಇತ್ತು, ತಿಥಿ ಇತ್ತು, ಎಳ್ಳಮಾವಾಸ್ಯೆಯ ಮರುದಿನವೆಂಬ ಟಿಪ್ಪಣಿ ಇತ್ತು. ಊರ ಹೆಸರು ಇರಲಿಲ್ಲ. ತಾರೀಖಿಗೂ ತಿಥಿಗೂ ತಾಳೆ ನೋಡಿದೆ, ಸರಿಯಾಗಿಯೇ ಇತ್ತು. ಎಲ್ಲವನ್ನೂ ತಾಳೆ ನೋಡಿದವನು ಊರನ್ನೇ ಬಿಟ್ಟಿದ್ದೆ.

ಆ ಪುಟವನ್ನು ನಾನು ಪಕ್ಕಕ್ಕೆ ಸರಿಸಿದೆ. ಸಿಂದಗಿಯಲ್ಲಿ ಸಿಕ್ಕವನು ಸಿಂದಗಿ ತಾಲೂಕಿನವನೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಇದು ತರ್ಕವಾಗಿರಲಿಲ್ಲ, ನನ್ನ ಅಜಾಗ್ರತೆಯ ಪುಟ ಬೇಕಾಗದಿರಲಿ ಎಂಬ ಆಸೆಯಾಗಿತ್ತು.

ಶುಕ್ರವಾರ ಮೋರಟಗಿಗೆ ಹೋದೆ. ಊರ ಹೊರಗಿನ ಬಾವಿಯೂ ಕಲ್ಲೂ ಇದ್ದಲ್ಲಿಯೇ ಇದ್ದವು. ಕಬ್ಬಿಗೆ ನೀರು ಬಿಡುತ್ತಿದ್ದ ಒಬ್ಬರನ್ನು, ಇಲ್ಲಿ ಭಾನುವಾರ ಹಿರಿಯರು ಕೂಡುತ್ತಾರೆಯೇ ಎಂದು ಕೇಳಿದೆ.

"ಯಾಕ್ರಿ, ಏನಾಗೇತಿ?"

"ಈ ಕಲ್ಲು ಸರಿಸ್ಯಾರ ಅಂತ ತಕರಾರು..."

ಅವರು ಗುದ್ದಲಿ ನಿಲ್ಲಿಸಿ ನೆಟ್ಟಗಾದರು. "ಯಾರ್ರಿ ಹಂಗಂದಾವ್ರು? ಯಾರ ಹೇಳಿ ಕಳಿಸ್ಯಾರ ನಿಮಗ? ಈ ಕಲ್ಲ ಮುಟ್ಟಿದಾವ ಹುಟ್ಟಿಲ್ಲಿನ್ನ!"

ಯಾರೂ ಅಂದಿಲ್ಲ, ನಾನೇ ಊರು ತಪ್ಪಿದ್ದೇನೆ ಎಂದು ಎಷ್ಟು ಹೇಳಿದರೂ ಅವರ ಕಣ್ಣು ನನ್ನನ್ನು ಬಿಡಲಿಲ್ಲ. ಬಸ್ಸು ಹತ್ತುವಾಗ ತಿರುಗಿ ನೋಡಿದೆ. ಅವರು ಕಲ್ಲಿನ ಹತ್ತಿರ ಬಾಗಿ, ಬುಡದ ಮಣ್ಣು ಹೊಸದೋ ಹಳೆಯದೋ ಎಂದು ಕಾಲಿನಿಂದ ಕೆದರಿ ನೋಡುತ್ತಿದ್ದರು. ಒಂದು ಊರಿನ ಸಂಶಯ ಇಳಿಸಲು ಹೊರಟವನು ಇನ್ನೊಂದು ಊರಿನಲ್ಲಿ ಅದನ್ನು ಬಿತ್ತಿ ಬಂದೆನೋ ಎಂಬುದು ಆ ದಿನದ ಉಳಿದ ಹೊತ್ತನ್ನೆಲ್ಲ ತಿಂದಿತು.

ಶನಿವಾರ ತಂಗಡಗಿಯ ಪುಟ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಕೃಷ್ಣೆಯ ದಂಡೆಗುಂಟ ಆ ಸಲ ನಾನು ಸುತ್ತಿದ ಊರುಗಳು ಐದೋ ಆರೋ. ಭಾನುವಾರ ಹತ್ತು ಗಂಟೆಗೆ ಅವುಗಳಲ್ಲಿ ಒಂದರಲ್ಲಿ ಮಾತ್ರ ಜನ ಕೂಡಿರುತ್ತಾರೆ. ನಕಾಶೆ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಗೊಣಗುತ್ತಿದ್ದೆ. ಹೆಂಡತಿ ಒಗ್ಗರಣೆಗೆ ಡಬ್ಬಿಗಳನ್ನು ತೆರೆಯುತ್ತಿದ್ದಳು.

"ಎಳ್ಳಮಾವಾಸಿ ಮರುದಿನ ಅಂದ್ರೇನು?" ಎಂದಳು. "ಆವಾಗಲ್ಲೇನು ನೀವು ಶೇಂಗಾ ಹಿಂಡಿ ತಂದಿದ್ದು? ಬಾವಿ ಮನಿಯವ್ರು ಕಟ್ಟಿ ಕೊಟ್ರು ಅಂತ. ನಿಮ್ಮ ತಾಯಿ ಯಾರ ಮನೀದೋ ಏನೋ ಅಂತ ಮುಟ್ಟಲಿಲ್ಲ, ನಾನs ಎಂಟು ದಿನ ರೊಟ್ಟಿಗೆ ಹಚ್ಕೊಂಡು ತಿಂದೆ. ಆ ಡಬ್ಬಿ ಕೊಡಬೇಕು ಕೊಡಬೇಕು ಅಂತ ಹಂಗs ಉಳೀತು."

ಅವಳ ಕೈಯಲ್ಲಿದ್ದ ಮೆಂತ್ಯದ ಡಬ್ಬಿ ಅದೇ ಆಗಿತ್ತು. ಮೂವತ್ತು ವರ್ಷ ನನ್ನ ಕಣ್ಣ ಮುಂದೆ ಇದ್ದ ಸ್ಟೀಲಿನ ಡಬ್ಬಿ. ನಮ್ಮ ಕಡೆ ಪಾತ್ರೆ ಕೊಂಡರೆ, ಮದುವೆಯಲ್ಲಿ ಉಡುಗೊರೆ ಕೊಟ್ಟರೆ, ಅಂಗಡಿಯಲ್ಲಿಯೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ರೂಢಿ. ಮೆಂತ್ಯವನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ತಿಕ್ಕಿ ತಿಕ್ಕಿ ಸವೆದಿದ್ದರೂ ಅಕ್ಷರಗಳಿದ್ದವು: ಕೊಟ್ಟವರ ಹೆಸರು, ಪಡೆದವರ ಹೆಸರು, ಮತ್ತು ಊರು.

"ಜಿಲ್ಲಾದ ಕಲ್ಲೆಲ್ಲಾ ಓದಿದ್ರಿ," ಎಂದಳು ಹೆಂಡತಿ, ನನ್ನ ಕೈಯಿಂದ ಡಬ್ಬಿ ಕಸಿದುಕೊಂಡು ತೊಳೆಯುತ್ತ. "ನಾ ದಿನಾ ಒಗ್ಗರಣಿ ಹಾಕೋ ಡಬ್ಬಿ ಓದಲಿಲ್ಲ." ಖಾಲಿ ಡಬ್ಬಿ ಮರಳಿಸಬಾರದೆಂದು ಅದರ ತುಂಬ ಎಳ್ಳುಂಡೆ ಹಾಕಿಟ್ಟಳು.

ಭಾನುವಾರ ಮೊದಲ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದರೆ ಮುಂದಿನದು ಮುಕ್ಕಾಲು ಗಂಟೆ ತಡ. ತಂಗಡಗಿ ದಾಟಿ ಆ ಊರಿನಲ್ಲಿ ಇಳಿದಾಗ ಹತ್ತೂ ಇಪ್ಪತ್ತು. ಇದೇ ಭಾನುವಾರವೋ ಮುಂದಿನದೋ ಎಂಬ ಸಂಶಯ ಬಸ್ಸು ಇಳಿಯುವವರೆಗೂ ಬಿಟ್ಟಿರಲಿಲ್ಲ. ಹನುಮಪ್ಪನ ಕಟ್ಟೆಯ ಮೇಲೆ ಜನ ಕಂಡರು. ಜನರ ನಡುವಿನಿಂದ ಆ ಮನುಷ್ಯ ಎದ್ದು ಬಂದ. ಈ ಸಲ ತಲೆಯ ಮೇಲೆ ವಸ್ತ್ರವಿರಲಿಲ್ಲ, ಬಿಳಿ ಟೊಪ್ಪಿಗೆ ಇತ್ತು.

"ನಾ ಹೇಳಿದ್ನಿಲ್ಲೇನು, ಬರ್ತಾರ ಅಂತ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮ ಸರ್ರು ಒಂದ ಸಲ ನೋಡಿದ್ರ ಮರಿಯೂದಿಲ್ಲ."

ನನಗೆ ನೀರು ಕೊಟ್ಟರು. ಪಕ್ಕದ ಹೊಲದವನು ಕಟ್ಟೆಯ ಇನ್ನೊಂದು ತುದಿಯಲ್ಲಿದ್ದ. ಸಣಕಲು, ಎತ್ತರದ ಮನುಷ್ಯ. ನಡುವೆ ಕುಳಿತ ಊರ ಹಿರಿಯರು ವಿಷಯವನ್ನು ಚುಟುಕಾಗಿ ಹೇಳಿದರು. ಭೂಮಿ ಅಳೆಯುವ ಮೋಜಣಿದಾರರು ಬಂದು ಹೋಗಿದ್ದರು, ಹೊಲದ ಅಳತೆ ಹೇಗೋ ಹೊಂದಿತ್ತು. ಆದರೆ ಕಲ್ಲು ಹಿಂದೆ ಬಾವಿಗೆ ಸಮೀಪವಿತ್ತು, ಮುದುಕ ಅದನ್ನು ಪಕ್ಕದ ಹೊಲದೊಳಗೆ ದೂಡಿದ ಎಂಬ ಮಾತನ್ನು ಪಕ್ಕದವನು ಹಿಂತೆಗೆದುಕೊಂಡಿರಲಿಲ್ಲ.

ನಾನು ದಿನಚರಿ ತೆರೆದೆ. ಓದುವ ಮೊದಲೇ ಪಕ್ಕದ ಹೊಲದವನು ಕೈ ಎತ್ತಿದ.

"ಓದಾಕಿಂತ ಮೊದ್ಲ ಒಂದ ಮಾತ್ರಿ. ಇವ ನಿಮಗ ಎಷ್ಟ ವರ್ಷದ ಗುರ್ತ?"

ಟೊಪ್ಪಿಗೆಯವನು ನನ್ನತ್ತ ನೋಡಿ ನಗುತ್ತಿದ್ದ. ಮೂವತ್ತು ವರ್ಷ ಎಂದರೆ ಅವನ ಮುಖ ಇನ್ನಷ್ಟು ಅರಳುತ್ತಿತ್ತು. ನಾಲ್ಕು ದಿನ ನಾನು ಹೆದರಿದ್ದು ಈ ಮುಖದ ಕುಂದುವಿಕೆಗೇ. ಆದರೆ ನನ್ನ ಬಾಯಿಂದ ಬರುವ ಮೊದಲ ಮಾತು ಸುಳ್ಳಾದರೆ, ಮಡಿಲಲ್ಲಿದ್ದ ಪುಟಕ್ಕೆ ಏನು ಬೆಲೆ?

"ಗುರ್ತಿಲ್ಲ," ಎಂದೆ. "ಬುಧವಾರ ಸಿಂದಗ್ಯಾಗ ಸಿಕ್ಕಾಗ ಸಿಕ್ತು ಅಂದಿದ್ದೆ. ಅದು ಸುಳ್ಳು. ಇವರು ಯಾರು, ಯಾವ ಊರವರು, ನಿನ್ನಿವರೆಗೂ ನನಗ ತಿಳಿದಿರಲಿಲ್ಲ."

ಯಾರೋ ಒಬ್ಬರು ಕಿಸಕ್ಕೆಂದರು. ಆ ಮನುಷ್ಯನ ನಗು ಮುಖದ ಮೇಲೆ ಹಾಗೆಯೇ ಉಳಿದು, ಒಳಗಿನಿಂದ ಖಾಲಿಯಾಯಿತು. "ಹೌದೇನ್ರಿ?" ಎಂದ ಮೆಲ್ಲಗೆ. "ಮೂರು ಬಸ್ಸ ಬದಲಿ ಮಾಡಿ ಬಂದಿದ್ನಿ ಸರ್ರ. ಅವತ್ತ ನಾನs ನಿಮಗ ನೀರ ಸೇದಿ ಕೊಟ್ಟಿದ್ನಿ."

ದಿನಚರಿಯಲ್ಲಿ ಬಾವಿಯ ಆಳವಿತ್ತು, ನೀರು ಸೇದಿದವನು ಇರಲಿಲ್ಲ.

ಹಿರಿಯರು ಪಕ್ಕದವನಿಗೆ, "ಗುರ್ತ ಇಲ್ಲದಾವ ಯಾರ ಪರವಾಗಿ ಸುಳ್ಳ ಹೇಳಾಕ ಬರ್ತಾನೊ? ಕೇಳ್ಕೊ ಇನ್ನ," ಎಂದರು. ಅವನು ತಲೆಯಾಡಿಸಿದ.

ಓದಿದೆ: ಬಾವಿಯ ಮೆಟ್ಟಿಲ ಬಾಯಿಯಿಂದ ಗಡಿಕಲ್ಲಿಗೆ ಎಂಬತ್ನಾಲ್ಕು ಹೆಜ್ಜೆ, ಅದೇ ಮೆಟ್ಟಿಲ ಬಾಯಿಯಿಂದ ಹನುಮಪ್ಪನ ಕಟ್ಟೆಗೆ ನೂರಾ ಇಪ್ಪತ್ತು.

"ನಡದ್ ತೋರಸ್ರಿ ಹಂಗಾರ," ಎಂದ ಪಕ್ಕದವನು.

ಬಾವಿಯ ಮೆಟ್ಟಿಲಿನಿಂದ ಹೊರಟೆ. ಜನ ಬೆನ್ನ ಹಿಂದೆ ಎಣಿಸುತ್ತ ಬಂದರು. ಐವತ್ತರ ಹೊತ್ತಿಗೇ ಕಲ್ಲು ಇರಬೇಕಾದುದಕ್ಕಿಂತ ದೂರ ಕಂಡಿತು. ಹೆಜ್ಜೆಯನ್ನು ಒಂದಿಷ್ಟು ಚಾಚಬೇಕೆನಿಸಿತು. ಚಾಚಿದರೆ ಬೆನ್ನ ಹಿಂದಿನ ಕಣ್ಣುಗಳಿಗೆ ತಿಳಿಯುತ್ತದೆಯೇ ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೇ ಕಾಲು ತಡವರಿಸಿತು. "ಎಂಬತ್ತಮೂರ, ಎಂಬತ್ನಾಕ," ಎಂದು ಧ್ವನಿ ನಿಂತಿತು. ಕಲ್ಲು ಇನ್ನೂ ಮುಂದಿತ್ತು. ಯಾರೂ ಹೇಳದಿದ್ದರೂ ನಡೆಯುತ್ತಲೇ ಹೋದೆ. ಕಲ್ಲು ಮುಟ್ಟಿದಾಗ ತೊಂಬತ್ತೇಳು.

"ಆತಲ್ರೆಪಾ," ಎಂದ ಪಕ್ಕದವನು. ಜೋರಾಗಿ ಅನ್ನಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿ ಕೇಳಿಸಿತು. ಟೊಪ್ಪಿಗೆಯವನು ನೆಲ ನೋಡುತ್ತಿದ್ದ. ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ: ಎರಡನ್ನೂ ಒಂದೇ ತಾಸಿನಲ್ಲಿ ಅವನಿಂದ ಕಸಿದಿದ್ದೆ.

ಕಲ್ಲಿನ ಮೇಲೆ ಕೈ ಊರಿ ಉಸಿರು ತೆಗೆದುಕೊಂಡೆ. ಮೊಣಕಾಲು ನೋಯುತ್ತಿತ್ತು. ಆ ನೋವಿನಿಂದಲೇ ವಿಷಯ ಹೊಳೆಯಿತು. ಎಂಬತ್ನಾಲ್ಕು ನಡೆದವನು ನಾನಲ್ಲ. ಮೂವತ್ತು ವರ್ಷ ಚಿಕ್ಕವನಾದ, ಮೊಣಕಾಲು ಗಟ್ಟಿಯಿದ್ದ ಒಬ್ಬ. ಅವನ ಹೆಜ್ಜೆಯ ಅಳತೆ ಈಗ ಯಾರ ಹತ್ತಿರವೂ ಇಲ್ಲ. ಆದರೆ ಅವನೇ ಅದೇ ದಿನ ಕಟ್ಟೆಯವರೆಗೂ ನಡೆದಿದ್ದ, ಮತ್ತು ಹನುಮಪ್ಪನ ಕಟ್ಟೆಯನ್ನು ಯಾರೂ ಸರಿಸಿರಲಿಲ್ಲ.

"ಸಂಖ್ಯೆ ಬಿಡ್ರಿ," ಎಂದೆ. "ನೂರಾ ಇಪ್ಪತ್ತಕ್ಕೆ ಎಂಬತ್ನಾಲ್ಕು. ಅಂದ್ರ ಹತ್ತಕ್ಕ ಏಳು. ಯಾರು ನಡೆದ್ರೂ, ಎಂಥಾ ಹೆಜ್ಜೆ ಹಾಕಿದ್ರೂ, ಕಟ್ಟೆಗೆ ಹತ್ತಾದ್ರ ಕಲ್ಲಿಗೆ ಏಳು ಬರಬೇಕು. ಬರಲಿಲ್ಲಂದ್ರ ಕಲ್ಲು ಸರಿದೈತಿ." ಪಕ್ಕದ ಹೊಲದವನ ಕಡೆ ತಿರುಗಿದೆ. "ನಾ ನಡೆಯೋದು ಬ್ಯಾಡ. ನೀವs ನಡೀರಿ."

"ನಾನೇನ್ರಿ?"

"ನೀವs. ನಿಮ್ಮ ಕಾಲ ಮ್ಯಾಲ ನಿಮಗ ಸಂಶಯ ಇಲ್ಲಲ್ಲ?"

ಜನ ನಕ್ಕರು. "ನಡಿ ನಡಿ, ಹೆಜ್ಜಿ ಎಳಿಯಾಕ ಹೋಗಬ್ಯಾಡ ಮತ್ತ," ಎಂದು ಯಾರೋ ಕೂಗಿದರು. ಅವನು ಚಪ್ಪಲಿ ಬಿಟ್ಟು, ಬಾವಿಯ ಮೆಟ್ಟಿಲಿನಿಂದ ಕಟ್ಟೆಯವರೆಗೆ ನೆಟ್ಟಗೆ ನಡೆದ. ಇಡೀ ಊರು ಎಣಿಸಿತು: ನೂರಾ ಹನ್ನೆರಡು. ಹಿರಿಯರು ಬೆರಳು ಮಡಿಚಿ ಲೆಕ್ಕ ಹಾಕಿ, "ಎಪ್ಪತ್ತೆಂಟಕ್ಕ ಕಲ್ಲ ಬರಬೇಕು," ಎಂದರು. ಅವನು ಮರಳಿ ಬಾವಿಗೆ ಬಂದು ಕಲ್ಲಿನತ್ತ ಹೊರಟ. ಅರವತ್ತು ದಾಟಿದ ಮೇಲೆ ಎಣಿಸುವ ಧ್ವನಿಗಳು ಒಂದೊಂದಾಗಿ ನಿಂತವು. ಕೊನೆಗೆ ಎಣಿಸುತ್ತಿದ್ದವನು ಅವನೊಬ್ಬನೇ. ಎಪ್ಪತ್ತಾರು. ಎಪ್ಪತ್ತೇಳು. ಅವನ ಬರಿಗಾಲು ಕಲ್ಲಿಗೆ ತಾಗಿತು.

"ಎಪ್ಪತ್ತೆಂಟ," ಎಂದ.

ಆಮೇಲೆ ಯಾರನ್ನೂ ನೋಡದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಬಾವಿಯ ಪಕ್ಕದ ಮನೆಯತ್ತ ನಡೆದ. ಅಂಗಳದ ಹೊರಸಿನ ಮೇಲೆ ಮೆಹಂದಿ ಹಚ್ಚಿದ ಗಡ್ಡದ ಮುದುಕರೊಬ್ಬರು ಗೋಡೆಗೆ ಮುಖ ಮಾಡಿ ಕುಳಿತಿದ್ದರು.

"ಕಾಕಾ, ಏಳ್ರಿ. ಕಟ್ಟಿ ಕಡೆ ನಡೀರಿ."

ಮುದುಕರು ತಿರುಗಲಿಲ್ಲ. "ಯಾಕ? ಕಟ್ಟಿನೂ ನಾನs ಸರಿಸೇನೇನು?"

"ಬೈರಿ, ಬೈರಿ. ಕಟ್ಟಿ ಮ್ಯಾಲ ಕುಂತ ಎಲ್ಲಾರ ಮುಂದ ಬೈರಿ."

ಮುದುಕರು ಅವನ ತೋಳು ಹಿಡಿದು ಎದ್ದರು. ಅವರಿಬ್ಬರೂ ನಮ್ಮ ಮುಂದಿನಿಂದಲೇ ಹಾದು ಹೋದರು, ಬಹಳ ನಿಧಾನವಾಗಿ. ನಾನು ಎಣಿಸಲಿಲ್ಲ.

ಮುದುಕರ ಮಗ ನನ್ನ ಪಕ್ಕದಲ್ಲಿ ನಿಂತಿದ್ದ. ಚೀಲದಿಂದ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ, ಚುಕ್ಕಿಯ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. "ಇದು ನಮ್ಮವ್ವನ ಮದಿವ್ಯಾಗಿಂದ್ರಿ," ಎಂದ. "ಭಾಳ ಹುಡುಕಿದ್ಲು." ಮುಚ್ಚಳ ತೆರೆದು ಎಳ್ಳುಂಡೆ ನೋಡಿ ಮತ್ತೆ ಮುಚ್ಚಿದ.

"ಊಟ ಮಾಡಿ ಹೋಗ್ರಿ," ಎಂದ ಕೊನೆಗೆ. "ಇನ್ನೊಮ್ಮೆ ಸಿಕ್ರ ಗುರ್ತ ಸಿಗತೈತೆಲ್ರಿ?"

ಅವನು ನನ್ನ ಕಡೆ ನೋಡಿ ಹೇಳಲಿಲ್ಲ. ಕಟ್ಟೆ ಹತ್ತುತ್ತಿದ್ದ ತಂದೆಯನ್ನು ನೋಡುತ್ತ ಹೇಳಿದ. ಆ ಮಾತಿನಲ್ಲಿದ್ದದ್ದು ಕ್ಷಮೆಯೋ ಚುಚ್ಚೋ ನನಗೆ ಇಂದಿಗೂ ಬಗೆಹರಿದಿಲ್ಲ. "ನಿಮ್ಮ ಹೆಸರು ಹೇಳ್ರಿ," ಎಂದೆ. ಹೇಳಿದ. ದಿನಚರಿಯ ಆ ಹಳೆಯ ಪುಟದಲ್ಲಿ, ಊರ ಹೆಸರಿಗೆಂದು ಖಾಲಿ ಉಳಿದಿದ್ದ ಜಾಗದಲ್ಲಿ ಅವನ ಹೆಸರನ್ನೂ ಊರನ್ನೂ ಬರೆದು, ಕೆಳಗೆ ಅಂದಿನ ತಾರೀಖು ಹಾಕಿದೆ. ಅವನು ಬಾಗಿ ನೋಡಿ, ವಾರ ಬರೆಯುವುದನ್ನು ಮರೆತಿದ್ದೇನೆಂದು ಬೆರಳು ಇಟ್ಟು ತೋರಿಸಿದ.